ಎಲ್ಲ ಸ್ಟಾಪಿನವರೂ ಕ್ಷೇಮ

ಫೆಬ್ರವರಿ 9

ಮೀನು,

ಬಂದು ಸೇರಿದೆ. ಅಣ್ಣ ಸ್ಟೇಷನ್ನಿಗೆ ಬಂದಿದ್ದ. ನನ್ನ ಬ್ಯಾಗು ತೆಗೆದುಕೊಂಡು "ಹೂಂ" ಎಂದ. ಮನೆ ತಲುಪುವವರೆಗೆ ಅವನು ಆಡಿದ್ದು ಅದೊಂದೇ ಮಾತು. ದಾರಿಯಲ್ಲಿ ನಾನು ಹಿಂದಕ್ಕೆ ಹೋಗಿ ನೋಡಿಕೊಂಡು ಬಂದಾಗಲೆಲ್ಲ ಬ್ಯಾಗು ಕೆಳಗಿಟ್ಟು ಕಾದ, ಮತ್ತೆ ಎತ್ತಿಕೊಂಡ. ಆಸ್ಪತ್ರೆಯ ಮೇಡಂಗೆ ಅಣ್ಣ ತುಂಬಾ ಹಿಡಿಸಿದ್ದಾನೆ. "ನೀವು ಇಂಥವರ ಮನೇಲೇ ಇರಬೇಕು. ಏನು ಕೇಳಿದ್ರೂ ಉತ್ತರ ಸಿಗಲ್ಲ," ಎಂದರು.

ಈ ಮೇಡಂ ಮನಸ್ಸಿನ ವಿಭಾಗದವರು. ಆಪರೇಷನ್ ಆಗಿ ನಾನು ಒಂದು ಹದಕ್ಕೆ ಬರುವವರೆಗೆ ಮನೆಗೆ ಫೋನು ಮಾಡುವ ಹಾಗಿಲ್ಲವಂತೆ, ಕಾಗದ ಬರೆಯಬಹುದಂತೆ. ಒಂದೇ ಸಲ ಬರೆಯಬೇಕು, ಹರಿದು ಮತ್ತೆ ಬರೆಯಬಾರದು. "ಯಾರಿಗೂ ಏನೂ ಆಗಿಲ್ಲ ತಾನೇ ಅನ್ನೋ ಆ ಪ್ರಶ್ನೆ ನೀವು ಕೇಳಬಾರದು, ನಿಮ್ಮ ಮನೆಯವರು ಅದಕ್ಕೆ ಉತ್ತರಾನೂ ಕೊಡಬಾರದು," ಎಂದರು. ನಿನ್ನನ್ನು ಜೊತೆಗೆ ಕರೆತರಬೇಡಿ ಎಂದಿದ್ದೂ ಇದಕ್ಕೇ. ಉತ್ತರ ಕೊಡುವ ಬಾಯಿ ಹತ್ತಿರವಿದ್ದರೆ ಕೇಳುವ ಬಾಯಿ ಸುಮ್ಮನಿರುವುದಿಲ್ಲ.

ನಿನ್ನೆ ಮೊದಲಿನಿಂದ ಎಲ್ಲ ಹೇಳಿಸಿದರು. ಬೇಕರಿ ಸ್ಟಾಪು ದಾಟಿದ ಮೇಲೆ ಬಸ್ಸಿನ ಹಿಂದಿನ ಚಕ್ರ ಗುಂಡಿಗಿಳಿದು ಎದ್ದದ್ದು, ಅದು ಗುಂಡಿ ಎಂದು ಗೊತ್ತಿದ್ದರೂ ಮನುಷ್ಯನಾಗಿದ್ದರೆ ಎಂದು ಒಳಗಿನಿಂದ ಒಂದು ಮಾತು ಬಂದದ್ದು. ಅಂದಿನಿಂದ ಪ್ರತಿ ಸ್ಟಾಪಿನಲ್ಲೂ ನಮ್ಮ ಕಂಡಕ್ಟರ್, ಎಲ್ಲರೂ ಚಿಲ್ಲರೆ ಎಂದೇ ಕರೆಯುವವನು, ಕೆಳಗಿಳಿದು ಬಸ್ಸು ಸುತ್ತಿ ಬಂದು "ಏನಿಲ್ಲ ಡ್ರೈವರೇ, ಹೊರಡಿ" ಎನ್ನಬೇಕಾಯಿತು. ಅದೂ ಸಾಲದೆ ನೀನು ಸ್ಕೂಟರಿನಲ್ಲಿ ನನ್ನ ಬಸ್ಸಿನ ಹಿಂದೆ ಬರತೊಡಗಿದೆ. ಕೊನೆಗೊಂದು ದಿನ ತುಂಬಿದ ಬಸ್ಸನ್ನು ಜನರ ಸಮೇತ ತಿರುಗಿಸಿಕೊಂಡು ಹಿಂದಕ್ಕೆ ಹೋದೆ. ಡಿಪೋದವರು ನನ್ನನ್ನು ಟೈರ್ ಸೆಕ್ಷನ್ನಿಗೆ ಹಾಕಿದರು. ಆಮೇಲೆ ನಡೆಯುವಾಗಲೂ ಯಾರನ್ನೋ ತಳ್ಳಿಬಿಟ್ಟೆನೇನೋ ಎಂದು ಶುರುವಾಯಿತು. ಆಮೇಲೆ ಮನೆಯ ಬಾಗಿಲು ದಾಟುವುದೇ ನಿಂತಿತು.

"ನಿಜವಾಗಿ ಯಾರಿಗಾದ್ರೂ ಏನಾದ್ರೂ ಆಗಿತ್ತಾ?" ಎಂದರು ಮೇಡಂ.

"ಇಲ್ಲ."

"ಅದು ನಿಮಗೆ ಗೊತ್ತಾ?"

"ಗೊತ್ತು."

"ನಂಬ್ತೀರಾ?"



ಸರ್ಜನ್ ಬೇರೆಯವರು. ತಲೆಬುರುಡೆಯಲ್ಲಿ ಎರಡು ಸಣ್ಣ ತೂತು, ಒಳಗೆ ಎರಡು ತೆಳು ತಂತಿ, ಭುಜದ ಮೂಳೆಯ ಕೆಳಗೆ ಚರ್ಮದೊಳಗೊಂದು ಬ್ಯಾಟರಿ. "ಹಾರ್ನು ತಾನಾಗೇ ಬಡ್ಕೊಳ್ತಾ ಇದೆ ಅಂದ್ಕೊಳ್ಳಿ. ಮಾತ್ರೆ ಕೊಟ್ಟಿದ್ದಾಯ್ತು, ಬುದ್ಧಿ ಹೇಳಿದ್ದಾಯ್ತು. ಈಗ ಬಾನೆಟ್ ತೆಗೆದು ವೈರಿಗೇ ಕೈ ಹಾಕ್ತೀವಿ," ಎಂದರು. ಎಲ್ಲರಿಗೂ ಇದು ಹತ್ತುವುದಿಲ್ಲ ಎಂದೂ ಹೇಳಿದರು. ಈ ತಿಂಗಳ ಕೊನೆಗೆ ದಿನ ಗೊತ್ತುಮಾಡಿದ್ದಾರೆ.

ಇನ್ನೊಂದು ಮಾತು ಕೇಳಬೇಕಿತ್ತು. ಕೇಳುವುದಿಲ್ಲ.

ನಿನ್ನ ಡ್ರೈವರ್


ಫೆಬ್ರವರಿ 16

ರೀ ಡ್ರೈವರ್ ಸಾಹೇಬರೇ,

ನಿಮ್ಮ ಕಾಗದದಲ್ಲಿ ಒಂದು ಕಡೆ ಕಾಟು ಹೊಡೆದು ಹಾಗೇ ಬಿಟ್ಟಿದ್ದೀರಿ. ನೋಡಿ ನನಗೂ ಮಗಳಿಗೂ ಹಬ್ಬ. ಮೊದಲಾಗಿದ್ದರೆ ಆ ಒಂದು ಗೀಟಿಗೆ ಇಡೀ ಪುಟ ಹೋಗುತ್ತಿತ್ತು.

ನಾನು ಈಜು ಕಲಿಸುವ ಕೊಳದಲ್ಲಿ ಬೆಳಗಿನ ಹೆಂಗಸರ ಬ್ಯಾಚಿಗೆ ಒಬ್ಬ ರಿಟೈರ್ಡ್ ಹೆಡ್‌ಮಿಸ್ ಸೇರಿದ್ದಾರೆ. ನೀರಿಗೇನೋ ಇಳಿಯುತ್ತಾರೆ, ಕಂಬಿ ಮಾತ್ರ ಬಿಡುವುದಿಲ್ಲ. ಇಡೀ ಒಂದು ಗಂಟೆ ಕಂಬಿ ಹಿಡಿದುಕೊಂಡು ಪಕ್ಕದವರಿಗೆ "ಕಾಲು ನೀಟಾಗಿ ಹೊಡಿ" ಎಂದು ಪಾಠ ಹೇಳಿ ಮೇಲೆ ಬರುತ್ತಾರೆ.

ಮೇಡಂ ಹೇಳಿದ್ದು ಅರ್ಥವಾಯಿತು. ಉತ್ತರ ಕೊಡಬಾರದು, ಸರಿ. ನಾನು ಕೊಡುತ್ತಿಲ್ಲ. ಊರಿನ ಸುದ್ದಿ ಬರೆಯಬಾರದು ಎಂದು ಅವರೇನೂ ಹೇಳಿಲ್ಲವಲ್ಲ. ಹಾಗಾಗಿ ಊರಿನ ಸುದ್ದಿ. ಬೇಕರಿ ಸ್ಟಾಪು: ಬೇಕರಿಯವರು, ಅವರ ತಮ್ಮ, ಎದುರಿನ ಸೈಕಲ್ ರಿಪೇರಿಯವರು, ಎಲ್ಲರೂ ಆರಾಮ. ಗಡಿಯಾರದಂಗಡಿ ಸ್ಟಾಪು: ಮುದುಕರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದಾರೆ. ಸ್ಕೂಲ್ ಸ್ಟಾಪು: ಮಕ್ಕಳು ಗಲಾಟೆ ಮಾಡುತ್ತಿದ್ದಾರೆ, ಅಂದರೆ ಚೆನ್ನಾಗಿದ್ದಾರೆ. ನೀರಿನ ಟ್ಯಾಂಕ್ ಸ್ಟಾಪು: ಹೂವಿನ ಅಜ್ಜಿ ಎಂದಿನ ಹಾಗೆ ಯಾರನ್ನೋ ಬೈಯುತ್ತಿದ್ದರು. ಚಿಲ್ಲರೆ ಅಲ್ಲೇ ಕಟ್ಟೆಯ ಮೇಲೆ ಪೇಪರ್ ಓದುತ್ತಾ ಸಿಕ್ಕಿದ. ರಿಟೈರ್ ಆದರೂ ಬಸ್ ಸ್ಟಾಪು ಬಿಟ್ಟಿರಲಾರ. "ನಮ್ಮ ಡ್ರೈವರ್ ತಲೆ ಒಳಗೆ ಏನು ಸಿಗುತ್ತೋ ನೋಡ್ಕೊಂಡು ಬರೀರಿ ಅತ್ತಿಗೆ. ನನಗೆ ಕೊಡಬೇಕಾದ ಚಿಲ್ಲರೆ ಅಲ್ಲೇ ಇರಬೇಕು," ಎಂದ.

ಇದು ಸುದ್ದಿ ಅಷ್ಟೇ. ಮೇಡಂ ಕೇಳಿದರೆ ಹಾಗೇ ಹೇಳಿ.

ಒಂದು ವಿಷಯ ನೇರವಾಗಿ ಕೇಳುತ್ತೇನೆ. ನೀವು ಇರುವೆ ಕಂಡರೆ ಹೆಜ್ಜೆ ಎತ್ತಿಡುವವರು. ನಾನು ಮೆಚ್ಚಿ ಮದುವೆಯಾದದ್ದು ಆ ಮನುಷ್ಯನನ್ನು. ಕಾಯಿಲೆ ಆಮೇಲೆ ಬಂತು, ಆದರೆ ಅದು ಆ ಮೃದು ಮನಸ್ಸಿನಲ್ಲೇ ಬೇರು ಬಿಟ್ಟಿದೆ ಎಂದು ನನಗೆ ಯಾವಾಗಲೂ ಅನಿಸಿದೆ. ಅವರು ತಂತಿ ಹಾಕಿ ಒಂದನ್ನು ಸುಮ್ಮನಾಗಿಸಲು ಹೋಗಿ ಇನ್ನೊಂದನ್ನೂ ಸುಮ್ಮನಾಗಿಸಿದರೆ? ನೀವು ಹುಷಾರಾಗಿ ಬರಬೇಕು. ಆದರೆ ನೀವೇ ಬರಬೇಕು. ಸರ್ಜನ್ನರನ್ನು ಕೇಳಿ ಬರೆಯಿರಿ.

ಇಂತಿ,
ಮೀನು


ಮಾರ್ಚ್ 4

ಮೀನು,

ಆಯಿತು. ತಲೆ ಬೋಳಾಗಿದೆ. ಅಣ್ಣ ನೋಡಿ ಮೊದಲ ಸಲ ಪೂರ್ತಿ ವಾಕ್ಯ ಹೇಳಿದ: "ಅಪ್ಪನ ಹಾಗೇ ಕಾಣ್ತೀಯ."

ನಿನ್ನ ಪ್ರಶ್ನೆಯನ್ನು ಹಿಂದಿನ ದಿನವೇ ಕೇಳಿದ್ದೆ. ಸರ್ಜನ್ ಪೆನ್ನಿನ ಕ್ಯಾಪು ಹಾಕಿ ತೆಗೆದು ಯೋಚಿಸಿದರು. "ನಾವು ತಂತಿ ಇಡೋ ಜಾಗದಲ್ಲಿ ಇದು ಭಯ, ಇದು ಕರುಣೆ ಅಂತ ಬೋರ್ಡು ಹಾಕಿರಲ್ಲ. ಆನ್ ಮಾಡಿ ನೋಡಬೇಕು. ಬೇರೆ ಮನುಷ್ಯ ಆಗ್ತಿದ್ದೀನಿ ಅನಿಸಿದ್ರೆ ಹೇಳಿ, ಕಡಿಮೆ ಮಾಡ್ತೀವಿ, ಬೇಡ ಅಂದ್ರೆ ಆಫ್ ಮಾಡ್ತೀವಿ. ನಿಮ್ಮ ಮನೆಯವರು ಒಳ್ಳೆ ಪ್ರಶ್ನೆ ಕೇಳಿದ್ದಾರೆ, ಆದ್ರೆ ಉತ್ತರ ನನ್ನ ಹತ್ತಿರ ಇಲ್ಲ," ಎಂದರು. ಸುಳ್ಳು ಧೈರ್ಯ ಹೇಳಲಿಲ್ಲವೆಂದು ನನಗೆ ಅವರ ಮೇಲೆ ನಂಬಿಕೆ ಬಂತು.

ತಲೆಗೆ ಒಂದು ಲೋಹದ ಚೌಕಟ್ಟು ಬಿಗಿದರು. ನೋವಿಗೆ ಸೂಜಿ ಕೊಟ್ಟಿದ್ದರು, ನಿದ್ದೆಗಲ್ಲ. ಎಚ್ಚರವಾಗಿರಬೇಕಿತ್ತು. ಮೂಳೆ ಕೊರೆಯುವ ಸದ್ದು ನಮ್ಮ ವರ್ಕ್‌ಶಾಪಿನ ಡ್ರಿಲ್ಲಿನದೇ. ಅದು ನನ್ನ ತಲೆಯಲ್ಲೇ ಆಗುತ್ತಿದೆ ಎಂಬುದೊಂದು ಬಿಟ್ಟರೆ ಹೊಸದೇನಿರಲಿಲ್ಲ. ತಂತಿ ಇಳಿದ ಮೇಲೆ ಮೇಡಂ ನನ್ನ ಮುಖದ ಹತ್ತಿರ ಸ್ಟೂಲು ಹಾಕಿಕೊಂಡು ಕೂತರು.

"ಬಸ್ ಓಡಿಸ್ತಿದ್ದೀರಿ. ಹಿಂದೆ ಏನೋ ತಾಕಿತು. ನಿಲ್ಲಿಸೋ ಹಾಗಿಲ್ಲ. ಹೇಗಿದೆ?"

ಹೇಗಿರುತ್ತದೆ? ಜೀವ ಬಾಯಿಗೆ ಬಂತು. ಕೈ ಸ್ಟೇರಿಂಗ್ ಹುಡುಕಿತು. ಆ ಕಡೆ ಯಾರೋ ಏನೋ ತಿರುಗಿಸಿದರು, ಇನ್ನೊಂದು ಸಲ ತಿರುಗಿಸಿದರು. ಆಗ ನನ್ನ ಬಾಯಿಯ ಎಡಗಡೆ ತಾನಾಗಿಯೇ ನಕ್ಕಿತು, ಮೀನು. ಬಲಗಡೆ ಹೆದರಿಕೊಂಡೇ ಇತ್ತು. ಮೇಡಂ "ಯಾಕೆ ನಗ್ತಿದ್ದೀರಿ?" ಎಂದರು. ನನಗೇನು ಗೊತ್ತು? ಆದರೆ ಅಷ್ಟು ಹೊತ್ತು ಬಸ್ಸಿನ ಹಿಂದೆ ಏನಾಗಿದೆ ಎಂಬುದು ಅಷ್ಟು ಮುಖ್ಯ ಅನಿಸಲಿಲ್ಲ. ಆಮೇಲೆ ಅದನ್ನೂ ನಿಲ್ಲಿಸಿದರು. ಗಾಯ ಮಾಗಿದ ಮೇಲೆ ಆನ್ ಮಾಡಿ, ಬಾರಿ ಬಾರಿ ಕರೆಸಿ, ಸ್ವಲ್ಪ ಸ್ವಲ್ಪವಾಗಿ ಹದ ನೋಡುತ್ತಾರಂತೆ.

ನೀನು ಬರೆದ ಸ್ಟಾಪುಗಳ ಸುದ್ದಿ ಓದಿ ತುಂಬಾ ಸಮಾಧಾನವಾಯಿತು. ತುಂಬಾ.

ನಿನ್ನ ಡ್ರೈವರ್


ಮಾರ್ಚ್ 13

ರೀ,

ನೀವು ಡ್ರಿಲ್ಲಿನ ಕೆಳಗೆ ಮಲಗಿದ್ದ ಹೊತ್ತಿಗೆ ನಾನು ಸೊಂಟದವರೆಗೆ ನೀರಿನಲ್ಲಿ ನಿಂತು ಮಕ್ಕಳಿಂದ ಗುಳ್ಳೆ ಬಿಡಿಸುತ್ತಿದ್ದೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಹೋಗಿದ್ದೆ. ಒಂದು ಸಲ ಸೀಟಿ ಊದಲು ಹೋದರೆ ಉಸಿರೇ ಬರಲಿಲ್ಲ. ನೀರಿನಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ, ಅದೊಂದು ಅನುಕೂಲ.

ಅರ್ಧ ಬಾಯಿ ನಕ್ಕಿತೆಂದು ಓದಿ ಮಗಳೂ ನಾನೂ ಇಲ್ಲಿ ಪೂರ್ತಿ ಬಾಯಿ ನಕ್ಕೆವು. ನಿಮ್ಮ ಕಾಗದ ಎಷ್ಟು ನಿರಾಳವಾಗಿದೆಯೆಂದರೆ ಆನ್ ಮಾಡುವ ಮೊದಲೇ ವಾಸಿಯಾಗಿದೆ ಎಂದು ನನ್ನ ಲೆಕ್ಕ. ನನ್ನ ಸುದ್ದಿಯಿಂದ ಸಮಾಧಾನವಾಯಿತು ಎಂದು ಬರೆದಿದ್ದೀರಲ್ಲ, ಅದಕ್ಕೇ ಈ ಸಲ ಒಂದು ಸ್ಟಾಪೂ ಬಿಡದೆ ಹೋಗಿ ಬಂದೆ. ಕೊಳದ ಕೆಲಸ ಮುಗಿಸಿ ಡಿಪೋದಿಂದ ಕೊನೆಯ ಸ್ಟಾಪಿನವರೆಗೆ. ಇನ್ನೊಂದು ಹಾಳೆಯಲ್ಲಿ ಎಲ್ಲರದ್ದೂ ಬರೆದಿದ್ದೇನೆ. ಗಡಿಯಾರದ ಮುದುಕರಿಗೆ ನೆಗಡಿ ಅಷ್ಟೇ. ಅದು ತಾನಾಗಿ ಬಂದ ನೆಗಡಿ.

ಮಗಳು ಪುಸ್ತಕದಿಂದ ತಲೆ ಎತ್ತಿ, "ಅಮ್ಮಾ, ಆಪರೇಷನ್ ಆಗಿದ್ದು ಅಪ್ಪಂಗಾ, ನಿಂಗಾ?" ಎಂದಳು. ಪರೀಕ್ಷೆ ಹತ್ತಿರ ಬಂದಾಗ ಇವಳ ನಾಲಿಗೆ ಉದ್ದವಾಗುತ್ತದೆ.

ಮೀನು


ಏಪ್ರಿಲ್ 8

ಮೀನು,

ಆನ್ ಮಾಡಿದ್ದಾರೆ. ಮೂರು ಸಲ ಏರಿಸಿದ್ದಾರೆ. ಹೆಚ್ಚು ವ್ಯತ್ಯಾಸವಿಲ್ಲ. ಏರಿಸಿದ ದಿನ ಕೈ ಬೆಚ್ಚಗಾಗುತ್ತದೆ, ಮಾತು ಜಾಸ್ತಿಯಾಗುತ್ತದೆ. ಮಾರನೆಯ ದಿನ ಅದೇ ಹಳೆಯ ಕಥೆ. ಡಾಕ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಸ್ಪತ್ರೆಗೆ ಹೋಗಿ ಬರುವುದು ಬಿಟ್ಟರೆ ನಾನು ಅಣ್ಣನ ಮನೆಯಿಂದ ಹೊರಗೆ ಕಾಲಿಟ್ಟಿಲ್ಲ.

ನೀನು ಕಳಿಸಿದ ಹಾಳೆಯಲ್ಲಿ ಬೇಕರಿಯವರ ತಮ್ಮನ ವಿಷಯ ಇರಲಿಲ್ಲ. ಯಾಕೆ?

ಡ್ರೈವರ್


ಏಪ್ರಿಲ್ 15

ರೀ,

ತಪ್ಪು ನನ್ನದು. ಕಾಗದ ಓದಿದವಳೇ ಸ್ಕೂಟರ್ ತೆಗೆದುಕೊಂಡು ಬೇಕರಿಗೆ ಹೋದೆ. ಅವರ ತಮ್ಮ ಅಂದು ಓವನ್ನಿನ ಹಿಂದೆ ಇದ್ದುದರಿಂದ ನನಗೆ ಕಂಡಿರಲಿಲ್ಲ, ಅಷ್ಟೇ. ಎದುರಿಗೆ ನಿಲ್ಲಿಸಿಕೊಂಡು ಮಾತಾಡಿಸಿ ಬಂದಿದ್ದೇನೆ. ಗಟ್ಟಿಮುಟ್ಟಾಗಿದ್ದಾನೆ. "ಏನಕ್ಕಾ, ವಾರಕ್ಕೊಂದು ಸಲ ನನ್ನ ಮುಖ ನೋಡೋಕೆ ಬರ್ತೀರಿ?" ಎಂದು ನಕ್ಕ.

ಇನ್ನು ಮುಂದೆ ಯಾರನ್ನೂ ಬಿಡುವುದಿಲ್ಲ. ಈ ಸಲದ ಹಾಳೆ ಎರಡು ಪುಟ ಇದೆ, ಡಿಪೋದ ಗೇಟಿನವರಿಂದ ಹಿಡಿದು. ಮೆಷಿನ್ನು ಹಿಡಿಯುವುದು ನಿಧಾನವಾದರೆ ಆಗಲಿ. ಅಲ್ಲಿಯವರೆಗೆ ನಾನಿದ್ದೇನಲ್ಲ. ನೀವು ತಲೆ ಕೆಡಿಸಿಕೊಳ್ಳಬೇಡಿ.

ನೀವಿಲ್ಲದೆ ನಾನು ಮಾಡಿಕೊಂಡು ಹೋಗಬಲ್ಲ ಕೆಲಸ ಇದೊಂದೇ. ಚೆನ್ನಾಗಿ ಮಾಡುತ್ತೇನೆ.

ಮೀನು


ಮೇ 3

ಮೀನು,

ಇದನ್ನು ಬರೆಯಲು ಹಲವು ದಿನ ಹಿಡಿಯಿತು. ಹರಿದು ಹಾಕಿಲ್ಲ, ಸುಮ್ಮನೆ ಬರೆದೇ ಇರಲಿಲ್ಲ.

ನಿನ್ನ ಹಾಳೆಗಳು ನನ್ನ ಅಂಗಿಯ ಜೇಬಿನಲ್ಲಿರುತ್ತಿದ್ದವು. ಭಯ ಬಂದಾಗ ತೆಗೆದು ಓದುತ್ತಿದ್ದೆ. ಬೇಕರಿ ಆರಾಮ, ಸ್ಕೂಲು ಆರಾಮ, ಟ್ಯಾಂಕು ಆರಾಮ. ಓದಿದರೆ ಭಯ ಇಳಿಯುತ್ತಿತ್ತು, ಮಡಿಸಿ ಇಟ್ಟರೆ ಏರುತ್ತಿತ್ತು, ಮತ್ತೆ ತೆಗೆಯುತ್ತಿದ್ದೆ. ಮಡಿಕೆಯ ಜಾಗ ಹರಿದು ಟೇಪು ಅಂಟಿಸಿದ್ದೆ. ಮನೆಯಲ್ಲಿ ನಿನ್ನನ್ನು ಕೇಳುತ್ತಿದ್ದುದನ್ನು ಇಲ್ಲಿ ಕಾಗದವನ್ನು ಕೇಳುತ್ತಿದ್ದೆ. ಡಾಕ್ಟರುಗಳು ಒಳಗೆ ಕರೆಂಟು ಏರಿಸುತ್ತಿದ್ದಾರೆ, ನಾನು ಹೊರಗೆ ನಿನ್ನ ಅಕ್ಷರ ಅರೆದು ಕುಡಿಯುತ್ತಿದ್ದೇನೆ. ಮೆಷಿನ್ನಿನ ಕೆಲಸ ಯಾರಿಗೆ ಕಾಣಬೇಕು?

ಮೇಡಂಗೆ ನಾನೇ ಹೇಳಿದೆ. ಮತ್ತೆ ಏರಿಸಲು ಹೊರಟಿದ್ದರು. ಸುಳ್ಳಿನ ಮೇಲೆ ಏರಿಸಿಕೊಳ್ಳುವುದು ಬೇಡ ಅನಿಸಿತು. ಅವರು ಬೈಯಲಿಲ್ಲ. "ನಿಮ್ಮ ಮನೆಯವರು ನಿಮ್ಮ ಮೇಲಿನ ಪ್ರೀತಿಗೆ ಬರೀತಿದ್ದಾರೆ. ನೀವು ಅದನ್ನ ಮಾತ್ರೆ ಮಾಡ್ಕೊಂಡು ನುಂಗ್ತಿದ್ದೀರಿ," ಎಂದರು. ಹಾಳೆಗಳನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಮೆಟ್ಟಿಲಿಳಿಯುವಾಗ ಖಾಲಿ ಜೇಬು ಮುಟ್ಟಿ ನೋಡಿಕೊಂಡೆ.

ಇನ್ನು ಸ್ಟಾಪುಗಳ ಸುದ್ದಿ ಬರೆಯಬೇಡ. ಒಂದು ಸಾಲೂ ಬೇಡ. ನಾನು ಗೋಗರೆದರೂ ಬರೆಯಬೇಡ. ನಿನಗೆ ಇದು ಎಷ್ಟು ಕಷ್ಟವೆಂದು ನನಗೆ ಗೊತ್ತಿಲ್ಲದೆ ಇಲ್ಲ.

ನಿನ್ನ ಡ್ರೈವರ್


ಮೇ 12

ರೀ,

ಮೊದಲು ಸಿಟ್ಟು ಬಂತು. ಬಿಸಿಲಲ್ಲಿ ಊರು ಸುತ್ತಿ, ಕಂಡಕಂಡವರ ಮುಖ ನೋಡಿಕೊಂಡು ಬಂದು ಬರೆದದ್ದು ನಿಮ್ಮ ಕಾಯಿಲೆಗೆ ಗೊಬ್ಬರವಾಯಿತು ಎಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಬರೇ ಇಲ್ಲಿಂದ ಕಳಿಸಿದ ಹಾಳೆಗಳಲ್ಲ. ಸ್ಕೂಟರಿನಲ್ಲಿ ಹಿಂದೆ ಬಂದೆನಲ್ಲ, ಆ ವರ್ಷಗಳೂ. ಎರಡು ದಿನ ಮಗಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಇವತ್ತು ಆ ಹೆಡ್‌ಮಿಸ್ ಬೆನ್ನ ಮೇಲೆ ತೇಲಿದರು. ಅಂಗಾತ ಮಲಗಿಸಿ ನನ್ನ ಕೈಯನ್ನು ಬೆನ್ನಿನ ಕೆಳಗೆ ಕೊಟ್ಟಿರುತ್ತೇನೆ, ಅದು ನಿಮಗೆ ಗೊತ್ತು. ಯಾವಾಗ ತೆಗೆಯಬೇಕೆಂದು ನನಗೆ ಹೊಸದಾಗಿ ಕಲಿಸಬೇಕಿಲ್ಲ. ಊರವರ ಬೆನ್ನಿನ ಕೆಳಗಿಂದೆಲ್ಲ ಕೈ ತೆಗೆದಿದ್ದೇನೆ. ಮನೆಯವರದ್ದು ಬಂದಾಗ ಬುದ್ಧಿ ಎಲ್ಲಿ ಹೋಗಿತ್ತೋ.

ಸರಿ. ಬರೆಯುವುದಿಲ್ಲ. ಆದರೆ ಅದು ಬಿಟ್ಟರೆ ನಿಮಗೆ ಏನು ಬರೆಯಬೇಕೆಂದು ತೋಚುತ್ತಿಲ್ಲ. ನಮ್ಮಿಬ್ಬರ ನಡುವೆ ಆ ಒಂದು ಪ್ರಶ್ನೆ, ಆ ಒಂದು ಉತ್ತರ ಬಿಟ್ಟು ಬೇರೆ ಮಾತು ಯಾವತ್ತು ನಿಂತುಹೋಯಿತೋ ನೆನಪಾಗುತ್ತಿಲ್ಲ. ನನ್ನ ಬಗ್ಗೆ ಬರೆಯಲು ಕೂತರೆ ಪೆನ್ನು ಓಡುವುದಿಲ್ಲ. ಸಂಜೆ ಎಲ್ಲಿಗೂ ಹೋಗುವುದಿಲ್ಲ, ಜಗಲಿಯ ಮೇಲೆ ಕೂರುತ್ತೇನೆ.

ಮೀನು


ಜೂನ್ 6

ಮೀನು,

ಇದನ್ನು ಓದುವಾಗ ಕೂತಿರು. ನಾನು ನಡೆಯುತ್ತಿದ್ದೇನೆ.

ಹಾಳೆಗಳನ್ನು ಕೊಟ್ಟ ಮೇಲೆ ಮೊದಲ ವಾರಗಳು ನರಕ. ಅದನ್ನು ಬರೆಯುವುದಿಲ್ಲ. ಆಮೇಲೆ ಮೇಡಂ ದಿನವೂ ಒಂದಿಷ್ಟು ದೂರ ಕಳಿಸತೊಡಗಿದರು. ಸರ್ಜನ್ನರ ಕಡೆಯವರು ಹದ ಬದಲಿಸಿದರು. ಭಯ ಬರುತ್ತದೆ, ಆದರೆ ಮೊದಲಿನ ಹಾಗೆ ಕುತ್ತಿಗೆ ಪಟ್ಟಿ ಹಿಡಿಯುವುದಿಲ್ಲ. ಮೊನ್ನೆ ಪೋಸ್ಟ್ ಆಫೀಸಿಗೆ ಒಬ್ಬನೇ ಹೋದೆ. ಕೊಡೆ ಹಿಡಿದ ಒಬ್ಬರಿಗೆ ಭುಜ ತಾಕಿತು. "ಸಾರಿ" ಎಂದು ಮುಂದೆ ಹೋದೆ. ಮನೆಗೆ ಬಂದು ಕೈ ತೊಳೆಯುವಾಗ ಹೊಳೆಯಿತು, ನಾನು ಹಿಂದೆ ತಿರುಗಿ ನೋಡಿಯೇ ಇರಲಿಲ್ಲ. ನಲ್ಲಿ ಹಾಗೇ ಬಿಟ್ಟು ನಿಂತುಬಿಟ್ಟೆ. ಅಣ್ಣ ಬಂದು ನಲ್ಲಿ ನಿಲ್ಲಿಸಿದ.

ನಡೆದು ನಡೆದು ಹಳೆಯ ಶೂ ಬಾಯಿಬಿಟ್ಟಿತು. ಹೊಸದು ತೆಗೆದುಕೊಂಡೆ, ಕಂದು ಬಣ್ಣದ್ದು, ಲೇಸಿನದ್ದು. ಒಂದು ದಿನ ನದಿಯ ಸೇತುವೆವರೆಗೂ ಹೋಗಿ ಬಂದೆ. ಒಂದು ದಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಡ್ರೈವರು ಕ್ಲಚ್ಚು ತುಳಿದೇ ಓಡಿಸುತ್ತಿದ್ದ, ಹೇಳೋಣವೆಂದು ಬಾಯಿಗೆ ಬಂದಿತ್ತು, ಸುಮ್ಮನಾದೆ. ಮುಂದಿನ ತಿಂಗಳು ಮನೆಗೆ ಹೋಗಬಹುದು ಎಂದಿದ್ದಾರೆ. ಆಗ ಫೋನನ್ನೂ ಬಿಡುತ್ತಾರಂತೆ.

ನಿನ್ನ ಡ್ರೈವರ್


ಜೂನ್ 16

ರೀ,

ನಿಮ್ಮ ಕಾಗದವನ್ನು ಮಗಳು ಜೋರಾಗಿ ಓದಿದಳು. ಕೊಡೆಯವರ ಜಾಗವನ್ನು ಎರಡು ಸಲ ಓದಿದಳು. ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲು ಬರುವುದಿಲ್ಲ.

ಅವಳು ಮಲಗಿದ ಮೇಲೆ ನಾನೊಬ್ಬಳೇ ಇನ್ನೊಂದು ಸಲ ಓದಿದೆ. ಶೂ ಇದೆ, ಸೇತುವೆ ಇದೆ, ಕ್ಲಚ್ಚಿದೆ. ಮಗಳ ಪರೀಕ್ಷೆ ಏನಾಯಿತೆಂದು ಇಲ್ಲ. ಇಲ್ಲಿಯ ಯಾರ ಮಾತೂ ಇಲ್ಲ. ನೀವೇ ಬರಬೇಕು, ಸರ್ಜನ್ನರನ್ನು ಕೇಳಿ ಎಂದು ಅವತ್ತು ಬರೆದಿದ್ದೆನಲ್ಲ, ಅದು ನೆನಪಾಗಿ ಹೆದರಿಕೆಯಾಯಿತು. ಹುಷಾರಾದವರನ್ನು ಕಂಡು ಹೆದರುವ ಹೆಂಡತಿ ಎಲ್ಲಾದರೂ ಇದ್ದಾಳೆಯೇ? ಇದ್ದಾಳೆ.

ಈಗ ಒಂದು ಕೆಟ್ಟ ಸುದ್ದಿ. ಇಷ್ಟು ವರ್ಷ ನಿಮ್ಮಿಂದ ಪೇಪರ್ ಬಚ್ಚಿಟ್ಟೆ, ಸತ್ತವರ ಸುದ್ದಿ ಬಚ್ಚಿಟ್ಟೆ. ಇದನ್ನೂ ಬಚ್ಚಿಡೋಣವೆಂದು ನಾಲ್ಕು ದಿನ ಒದ್ದಾಡಿದೆ. ಮೇಡಂಗೆ ಫೋನು ಮಾಡಿ ಕೇಳಿದೆ. "ಇವತ್ತಲ್ಲ ನಾಳೆ ನಿಮ್ಮ ಯಜಮಾನ್ರಿಗೆ ಗೊತ್ತಾಗೋ ಸುದ್ದಿ ಇದು. ಹೇಳಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ," ಎಂದರು.

ಚಿಲ್ಲರೆಗೆ ಪೆಟ್ಟಾಗಿದೆ. ಟ್ಯಾಂಕ್ ಸ್ಟಾಪಿನ ಹತ್ತಿರ ಸಾಮಾನಿನ ವ್ಯಾನು ಹಿಂದಕ್ಕೆ ಬರುತ್ತಿತ್ತು. ಇವನು ಅದರ ಹಿಂದೆ ಪೇಪರ್ ಓದುತ್ತಾ ದಾಟುತ್ತಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಯಿತು. ಉಳಿಸಲು ನೋಡಿದರು, ಆಗಲಿಲ್ಲ, ತೆಗೆದರು. ಅವನ ಅಕ್ಕ ಊರಲ್ಲಿರಲಿಲ್ಲ. ಜೇಬಿನಲ್ಲಿ ನಮ್ಮ ಕೊಳದ ನಂಬರ್ ಸಿಕ್ಕಿತೆಂದು ಇಲ್ಲಿಯ ಆಸ್ಪತ್ರೆಯವರು ನನಗೆ ಫೋನು ಮಾಡಿದರು. ಒದ್ದೆ ಬಟ್ಟೆಯ ಮೇಲೆ ಇನ್ನೊಂದು ಸುತ್ತಿಕೊಂಡು ಹೋದೆ. ಅವನನ್ನು ಒಳಗೆ ಕರೆದುಕೊಂಡ ಮೇಲೆ ಸಂಜೆಯವರೆಗೆ ಅಲ್ಲಿನ ಬೆಂಚಿನ ಮೇಲೆ ಕೂತಿದ್ದೆ.

ಎಚ್ಚರವಾದ ಮೇಲೆ ಅವನು ಹೇಳಿದ್ದು ಇಷ್ಟು: "ಡ್ರೈವರ್‌ಗೆ ಹೇಳಬೇಡಿ ಅತ್ತಿಗೆ. ಅಲ್ಲಿಂದಾನೇ ಬಸ್ ತಿರುಗಿಸ್ತಾನೆ."

ಜೀವಕ್ಕೆ ಅಪಾಯವಿಲ್ಲ. ಆದರೆ ಆರಾಮಾಗಿದ್ದಾನೆ ಎಂದು ನಾನು ಬರೆಯುವುದಿಲ್ಲ. ಆರಾಮಾಗಿಲ್ಲ.

ಮೀನು


ಜೂನ್ 24

ಮೀನು,

ನಿನ್ನ ಕಾಗದವನ್ನು ಅಣ್ಣನ ಮನೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಮೊದಲು ಬಂದದ್ದು ಹಳೆಯದೇ. ಆ ವ್ಯಾನು ನಾನೇ ಓಡಿಸಿದೆನೇನೋ ಎಂದು. ರೈಲಿನಲ್ಲಿ ಒಂದಿಡೀ ದಿನದ ದೂರದಲ್ಲಿ ಕೂತುಕೊಂಡು! ಅದು ಬಂತು, ಎದುರಿಗೆ ನಿಂತಿತು. ನಾನು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಹೋಯಿತು.

ಆಮೇಲೆ ಬಂದದ್ದು ಏನೆಂದು ನನಗೆ ಕೂಡಲೇ ಗುರುತು ಸಿಗಲಿಲ್ಲ. ಚಿಲ್ಲರೆ ಓಡುವ ಬಸ್ಸಿನಲ್ಲಿ ಯಾವತ್ತೂ ಕಂಬಿ ಹಿಡಿದವನಲ್ಲ. ಒಂದು ಕೈಯಲ್ಲಿ ಟಿಕೆಟ್ಟು, ಒಂದು ಕೈಯಲ್ಲಿ ದುಡ್ಡು, ನಾನು ಎಂಥ ಬ್ರೇಕು ಹಾಕಿದರೂ ಕಾಲಿನ ಮೇಲೇ ನಿಲ್ಲುತ್ತಿದ್ದ. ಕನ್ನಡಿಯಲ್ಲಿ ನೋಡಿ ನಗುತ್ತಿದ್ದೆ. ಆ ಕಾಲು ಈಗ ಇಲ್ಲ. ಇಷ್ಟು ಯೋಚಿಸುವಷ್ಟರಲ್ಲಿ ಅಳು ಬಂತು, ಮೀನು. ಚೆನ್ನಾಗಿ ಅತ್ತೆ. ಅಣ್ಣ ಬಂದು ಪಕ್ಕದಲ್ಲಿ ಕೂತ, ಎದ್ದು ಹೋಗಲಿಲ್ಲ.

ನಾನು ಇಷ್ಟು ವರ್ಷ ಇಡೀ ಊರಿಗಾಗಿ ಹೆದರಿದೆ. ಒಬ್ಬರಿಗಾಗಿಯೂ ಅತ್ತಿರಲಿಲ್ಲ. ಹೂವಿನ ಅಜ್ಜಿ ಬದುಕಿದ್ದಾರೆ ಎಂದರೆ ನನಗೆ ಸಾಕಾಗಿತ್ತು, ಹೇಗೆ ಬದುಕಿದ್ದಾರೆ ಎಂದು ಬೇಕಿರಲಿಲ್ಲ. ಅವರಿಂದ ನನಗೆ ಬೇಕಿದ್ದದ್ದು ಒಂದೇ, ನಾನು ತಪ್ಪು ಮಾಡಿಲ್ಲ ಎಂಬುದು. ನೀನು ಅದನ್ನು ಮೃದು ಮನಸ್ಸು ಎಂದುಕೊಂಡೆ. ಮೃದು ಮನಸ್ಸು ಇದ್ದಿರಬಹುದು. ಭಯ ಅದರ ಮೇಲೆ ಕೂತು ಎಲ್ಲ ಜಾಗ ಹಿಡಿದುಕೊಂಡಿತ್ತು.

ಚಿಲ್ಲರೆಯ ಮನೆ ಮೂರನೆಯ ಮಹಡಿಯಲ್ಲಿದೆ. ಮೆಟ್ಟಿಲು ಹೇಗೆ ಹತ್ತುತ್ತಾನೆ? ಅವನ ಅಕ್ಕ ಒಪ್ಪಿದರೆ ನಮ್ಮ ಮುಂದಿನ ಕೋಣೆ ಬಿಟ್ಟುಕೊಡೋಣ, ನಿನಗೂ ಒಪ್ಪಿಗೆಯಿದ್ದರೆ. ನಾನು ಬಂದ ಮೇಲೆ ಅವನನ್ನು ನೋಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ಅವನಿಗೆ ಹೇಳು, ಡ್ರೈವರ್ ಬಸ್ಸು ತಿರುಗಿಸಲಿಲ್ಲ, ಅತ್ತ ಎಂದು.

ಹಿಂದಿನ ಕಾಗದದಲ್ಲಿ ಶೂ ಬಗ್ಗೆ ಪುಟ ತುಂಬಿಸಿದ್ದು ನಿಜ. ಯಾರ ಬಗ್ಗೆಯೂ ಏನೂ ಕೇಳಬಾರದೆಂದು ಬಾಯಿ ಬಿಗಿಹಿಡಿದಿದ್ದೆ. ಯಾವ ಪ್ರಶ್ನೆ ಕಾಯಿಲೆಯದು, ಯಾವುದು ಅಲ್ಲ ಎಂದು ನನಗೆ ತಿಳಿಯುತ್ತಿರಲಿಲ್ಲ. ಇವತ್ತು ಮೇಡಂರನ್ನು ಕೇಳಿದೆ. "ಉತ್ತರ ಏನೇ ಬಂದ್ರೂ ಕೇಳಿಸ್ಕೊಳ್ಳೋಕೆ ತಯಾರಿದ್ರೆ ಕೇಳಿ," ಎಂದರು.

ತಯಾರಿದ್ದೇನೆ. ಮಗಳ ಪರೀಕ್ಷೆ ಹೇಗಾಯಿತು? ಆ ದಿನ ಸಂಜೆಯವರೆಗೆ ಬೆಂಚಿನ ಮೇಲೆ ಕೂತಿದ್ದೆ ಎಂದು ಬರೆದಿದ್ದೀಯ. ಒದ್ದೆ ಬಟ್ಟೆಯಲ್ಲಿ. ಜೊತೆಗೆ ಯಾರಿದ್ದರು? ಯಾರಾದರೂ ಒಂದು ಲೋಟ ಚಹಾ ತಂದುಕೊಟ್ಟರಾ? ನೀನು ಬರೆದ ಕಾಗದಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದೆ. ಊರಿನವರೆಲ್ಲ ಇದ್ದಾರೆ, ನೀನು ಎಲ್ಲೂ ಇಲ್ಲ. ನಾನು ಯಾವತ್ತೂ ಕೇಳಿರಲಿಲ್ಲ.

ನೀನು ಹೇಗಿದ್ದೀಯ, ಮೀನು?